ಸಹಿ ಹಾಕುವ ಮುನ್ನ ಜೊತೆಗೊಬ್ಬರು

ಪ್ರಶ್ನೆ: ನಾನು ಅಂಚೆ ಇಲಾಖೆಯಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತನಾದವನು. ನನ್ನ ಸೊಸೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಅಲ್ಲಿನ ಅಂಚೆ ಸಂಸ್ಥೆಯ ಟಪಾಲು ವಿಂಗಡಣೆ ಕೇಂದ್ರದಲ್ಲಿ ಕ್ಲರ್ಕ್ ಆಗಿದ್ದಾಳೆ. ಅವಳ ಸಂಘದವರು ಕೊಟ್ಟ ಕೈಚೀಟಿಯಲ್ಲಿ ಎರಡು ಮಾತಿವೆ. ಮೇಲಿನವರು ವಿಚಾರಣೆಗೆ ಕೂರಿಸಿದರೆ 'ನನ್ನ ಸ್ಟೀವರ್ಡ್ (ಸಂಘದ ಪ್ರತಿನಿಧಿ) ಬರಲಿ' ಎನ್ನಿ, ಅವರು ಬರುವತನಕ ಉತ್ತರ ಕೊಡಬೇಡಿ ಎನ್ನುವುದು ಒಂದು. ಸಿಬ್ಬಂದಿ ಹೆಚ್ಚಾಗಿದೆ ಎಂದು ಬೇರೆ ಊರಿಗೆ ಕಳಿಸುವ ಸುದ್ದಿ ಬಂದರೆ ಅವಸರದಲ್ಲಿ ಯಾವ ಅರ್ಜಿಗೂ ಸಹಿ ಹಾಕಬೇಡಿ ಎನ್ನುವುದು ಇನ್ನೊಂದು. ತಪ್ಪು ಮಾಡದವಳು ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅನುಮಾನ ಬರುವುದಿಲ್ಲವೇ? ನಮ್ಮ ಕಾಲದಲ್ಲಿ ಐಪಿ (ಅಂಚೆ ಇನ್ಸ್‌ಪೆಕ್ಟರ್) ಕರೆದರೆ ಹೋಗಿ ಸ್ಟೇಟ್‌ಮೆಂಟ್ ಬರೆದುಕೊಟ್ಟು ಬರುತ್ತಿದ್ದೆವು. ಯಾವುದು ಸರಿ?
— ಓದುಗರೊಬ್ಬರು, ಸಾಗರ

ಉತ್ತರ: ಸಂಘದವರ ಮಾತು ಸರಿ. ನಿಮ್ಮ ಸೊಸೆ ಅದರಂತೆಯೇ ನಡೆಯಲಿ. ಹಾಗೆಂದು ನಿಮ್ಮ ಆತಂಕಕ್ಕೆ ಅರ್ಥವಿಲ್ಲ ಎನ್ನುತ್ತಿಲ್ಲ. ಕಚೇರಿಯಲ್ಲಿ ಬಾಳಿದವರಿಗೆಲ್ಲ ಗೊತ್ತು: ಕರೆದ ಕೂಡಲೇ ಎದ್ದು ಹೋಗಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಬಂದವರು ಪ್ರಾಮಾಣಿಕರು ಎನಿಸಿಕೊಳ್ಳುತ್ತಾರೆ, 'ಸ್ವಲ್ಪ ತಡೆಯಿರಿ' ಎಂದವರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಈ ನಂಬಿಕೆಯಿಂದ ಹೆಚ್ಚು ಪೆಟ್ಟು ತಿಂದವರು ತಪ್ಪಿಲ್ಲದವರೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ತಪ್ಪು ಮಾಡಿದವರು ಉತ್ತರವನ್ನು ಮೊದಲೇ ಸಿದ್ಧ ಮಾಡಿಕೊಂಡಿರುತ್ತಾರೆ. ಮಾಡದವರಿಗೆ ಪ್ರಶ್ನೆಯೇ ಹೊಸದು. ಗಾಬರಿಯಲ್ಲಿ ಕೇಳದ್ದನ್ನೂ ಹೇಳಿಬಿಡುತ್ತಾರೆ.

ಕೈಚೀಟಿಯ ಮೊದಲ ಸಲಹೆ ಹುಟ್ಟಿದ್ದು ಅಂಚೆ ಕಚೇರಿಯಲ್ಲಲ್ಲ, ಟೆಕ್ಸಾಸ್‌ನ ಒಂದು ದಿನಸಿ ಅಂಗಡಿಯಲ್ಲಿ. ವೈನ್‌ಗಾರ್ಟನ್ ಎಂಬ ಅಂಗಡಿಗಳ ಸರಪಳಿ ಅದು. ಅಲ್ಲಿ ಊಟದ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳ ಮೇಲೆ ದೂರು ಬಂತು: 2.98 ಡಾಲರಿನ ಕೋಳಿಮಾಂಸದ ಡಬ್ಬ ಒಯ್ದು ಗಲ್ಲಾಪೆಟ್ಟಿಗೆಗೆ ಒಂದೇ ಡಾಲರ್ ಹಾಕಿದ್ದಾಳೆ ಎಂದು. ಒಳಗೆ ಕರೆದು ಪ್ರಶ್ನಿಸಿದರು. ಸಂಘದವರನ್ನು ಕರೆಸಿ ಎಂದು ಅವಳು ಮತ್ತೆ ಮತ್ತೆ ಕೇಳಿದಳು, ಕರೆಸಲಿಲ್ಲ. ತಾನು ಕೊಂಡದ್ದು ಒಂದು ಡಾಲರಿನಷ್ಟೇ ಮಾಂಸ, ಚಿಕ್ಕ ಡಬ್ಬಗಳು ಮುಗಿದಿದ್ದರಿಂದ ದೊಡ್ಡದರಲ್ಲಿ ಹಾಕಿಕೊಂಡೆ ಎಂದಳು. ವಿಚಾರಿಸಿದಾಗ ಅದು ನಿಜವೇ ಆಗಿತ್ತು. ತನಿಖೆಗೆ ಬಂದವನು ಕ್ಷಮೆ ಕೇಳಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟು ಹೊತ್ತಿನ ಒತ್ತಡಕ್ಕೆ ಅವಳು ಅಳುತ್ತ, ಅಂಗಡಿಯಿಂದ ತಾನು ಬಿಟ್ಟಿ ತೆಗೆದುಕೊಂಡದ್ದೇನಾದರೂ ಇದ್ದರೆ ಅದು ಮಧ್ಯಾಹ್ನದ ಊಟ ಮಾತ್ರ ಎಂದುಬಿಟ್ಟಳು. ಆ ಒಂದು ಮಾತು ಹಿಡಿದು ಹೊಸ ವಿಚಾರಣೆ ಶುರುವಾಯಿತು. ಊಟದ ಬಾಬ್ತು ಸುಮಾರು 160 ಡಾಲರ್ ಬಾಕಿ ಇದೆ ಎಂಬ ಹೇಳಿಕೆಯೊಂದನ್ನು ತಯಾರಿಸಿ ಸಹಿ ಹಾಕು ಎಂದರು. ಅವಳು ಹಾಕಲಿಲ್ಲ. ಆಮೇಲೆ ನೋಡಿದರೆ ಆ ಅಂಗಡಿಯಲ್ಲಿ ಮ್ಯಾನೇಜರನೂ ಸೇರಿ ಉಳಿದವರೂ ಹಾಗೆಯೇ ಊಟ ಮಾಡುತ್ತಿದ್ದರು. ಊಟಕ್ಕೆ ಹಣ ಕೊಡಬೇಕೋ ಬೇಡವೋ ಎಂಬ ಸ್ಪಷ್ಟ ನಿಯಮವೇ ಅಲ್ಲಿರಲಿಲ್ಲ.

ಈ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1975ರ ಫೆಬ್ರವರಿಯಲ್ಲಿ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್. ಶಿಕ್ಷೆಗೆ ದಾರಿಯಾದೀತು ಎಂದು ನೌಕರನಿಗೆ ಸಕಾರಣವಾಗಿ ಅನಿಸುವ ಯಾವ ವಿಚಾರಣೆಯಲ್ಲೂ ಸಂಘದ ಪ್ರತಿನಿಧಿಯನ್ನು ಕೇಳುವ ಹಕ್ಕು ಅವನಿಗಿದೆ ಎಂದು ನ್ಯಾಯಾಲಯ ಹೇಳಿತು. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಅದಕ್ಕೆ ಕೊಟ್ಟ ಕಾರಣದಲ್ಲಿ. ಒಬ್ಬಂಟಿಯಾಗಿ ಎದುರು ಕೂತ ನೌಕರ ಹೆದರಿಕೆಯಿಂದಲೋ ಮಾತು ಬಾರದೆಯೋ ನಡೆದದ್ದನ್ನು ಸರಿಯಾಗಿ ಹೇಳಲಾರದೆ ಹೋಗಬಹುದು, ತನ್ನ ಪರವಾಗಿರುವ ಸಂಗತಿಗಳು ಯಾವುವೆಂದು ಅವನಿಗೇ ತಿಳಿಯದಿರಬಹುದು. ತಿಳಿದವರೊಬ್ಬರು ಜೊತೆಗಿದ್ದರೆ ಸತ್ಯ ಬೇಗ ಹೊರಬರುತ್ತದೆ, ಅದರಿಂದ ಮಾಲೀಕನಿಗೂ ಅನುಕೂಲ. ಅಂದರೆ ಸ್ಟೀವರ್ಡ್ ಬರುವುದು ಸತ್ಯ ಮುಚ್ಚುವುದಕ್ಕಲ್ಲ. ಊಟದ ಕೌಂಟರಿನವಳ ಪಕ್ಕದಲ್ಲಿ ಆ ದಿನ ಸ್ಟೀವರ್ಡ್ ಕೂತಿದ್ದರೆ, 'ಇಲ್ಲಿ ಎಲ್ಲರೂ ಹೀಗೆಯೇ ಊಟ ಮಾಡುತ್ತಾರೆ' ಎಂಬ ಒಂದು ವಾಕ್ಯದಲ್ಲಿ ವಿಷಯ ಮುಗಿಯುತ್ತಿತ್ತು.

ಅಂಗಡಿಯ ಕಾನೂನು ಅಂಚೆಗೆ ಹೇಗೆ ಬಂತು ಎಂದು ನೀವು ಕೇಳಬಹುದು. ಇದಕ್ಕೆ 1970ರ ಮುಷ್ಕರದ ಕಥೆ ಗೊತ್ತಿರಬೇಕು. ಆಗ ಅಮೆರಿಕದ ಅಂಚೆಯೂ ನಮ್ಮದರಂತೆ ಸರ್ಕಾರದ ಒಂದು ಇಲಾಖೆ. ಹೊಸಬನಿಗೆ ವರ್ಷಕ್ಕೆ 6,176 ಡಾಲರ್ ಸಂಬಳ. 8,442 ಡಾಲರಿನ ಗರಿಷ್ಠ ಮಟ್ಟ ಮುಟ್ಟಲು 21 ವರ್ಷ ದುಡಿಯಬೇಕು. ಮುಷ್ಕರ ಹೂಡುವುದು ಕಾನೂನಿನಂತೆ ಅಪರಾಧ, ಇವತ್ತಿಗೂ ಅಪರಾಧವೇ. ಆದರೂ ಮಾರ್ಚ್ 18ರಂದು ನ್ಯೂಯಾರ್ಕಿನ ಪೋಸ್ಟ್‌ಮ್ಯಾನ್‌ಗಳು ಕೆಲಸ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ದೇಶದಾದ್ಯಂತ ಸುಮಾರು ಎರಡು ಲಕ್ಷ ಮಂದಿ ಸೇರಿಕೊಂಡರು. ಅಧ್ಯಕ್ಷ ನಿಕ್ಸನ್ ಟಪಾಲು ವಿಂಗಡಿಸಲು ನ್ಯೂಯಾರ್ಕಿಗೆ ಸೈನಿಕರನ್ನು ಕಳಿಸಿದರು. ಅದರ ಫಲವಾಗಿ ಅದೇ ವರ್ಷ ಅಂಚೆ ಪುನರ್ರಚನೆ ಕಾಯ್ದೆ ಬಂತು. ಇಲಾಖೆ ಹೋಗಿ ಸ್ವತಂತ್ರ ಸಂಸ್ಥೆಯಾಯಿತು. ಖಾಸಗಿ ಕಾರ್ಮಿಕರಿಗಿದ್ದ ಕಾರ್ಮಿಕ ಕಾನೂನು ಅಂಚೆಯವರಿಗೂ ಅನ್ವಯವಾಯಿತು. ಸಂಘಗಳು ಕೂತು ಒಪ್ಪಂದ ಮಾಡಿಕೊಳ್ಳುವ, ಮಾತುಕತೆ ಮುರಿದುಬಿದ್ದರೆ ಮಧ್ಯಸ್ಥಗಾರರ ತೀರ್ಪಿಗೆ ಒಪ್ಪಿಸುವ ಹಕ್ಕು ಸಿಕ್ಕಿತು. ನಿಮ್ಮ ಸೊಸೆಯ ಕೈಯಲ್ಲಿರುವ ಪುಟ್ಟ ಚೀಟಿಯ ಹಿಂದೆ ಕೆಲಸ ಪಣಕ್ಕಿಟ್ಟು ಬೀದಿಗಿಳಿದ ಆ ಜನರಿದ್ದಾರೆ. ಅದನ್ನು ಬಳಸಲು ಅವಳು ಸಂಕೋಚಪಡಬಾರದು ಎನ್ನುವುದಕ್ಕೆ ನನಗಿರುವ ದೊಡ್ಡ ಕಾರಣ ಇದು.

ಬಳಸುವ ರೀತಿಯನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಬೇಕು. ಮೊದಲನೆಯದಾಗಿ, ಕೇಳದಿದ್ದರೆ ಈ ಹಕ್ಕು ಇಲ್ಲ. ಪೊಲೀಸರು ಬಂಧಿಸಿ ಪ್ರಶ್ನಿಸುವ ಮುನ್ನ ಹಕ್ಕುಗಳನ್ನು ಓದಿ ಹೇಳಬೇಕೆಂಬ ನಿಯಮ ಅಲ್ಲಿದೆಯಲ್ಲ, ಸೂಪರ್‌ವೈಸರಿಗೆ ಅಂಥ ಕಟ್ಟುಪಾಡಿಲ್ಲ. 'ನಿನಗೆ ಸ್ಟೀವರ್ಡ್ ಬೇಕೇ' ಎಂದು ಅವರು ಕೇಳಬೇಕಾಗಿಲ್ಲ. ಅವಳೇ ಬಾಯಿಬಿಟ್ಟು ಹೇಳಬೇಕು: 'ಇದರಿಂದ ನನಗೆ ಶಿಕ್ಷೆಯಾಗಬಹುದೇ? ಆಗಬಹುದಾದರೆ ನನ್ನ ಸ್ಟೀವರ್ಡ್ ಬೇಕು.' ಹಾಗೆ ಕೇಳಿದ ಮೇಲೆ ಸೂಪರ್‌ವೈಸರಿಗೆ ಮೂರೇ ದಾರಿ. ಸ್ಟೀವರ್ಡನನ್ನು ಕರೆಸಬೇಕು, ಇಲ್ಲವೇ ವಿಚಾರಣೆ ನಿಲ್ಲಿಸಬೇಕು, ಅದೂ ಇಲ್ಲವೆಂದರೆ ಒಬ್ಬಳೇ ಮುಂದುವರಿಯುತ್ತೀಯೋ ವಿಚಾರಣೆಯೇ ಬೇಡವೋ ಎಂಬ ಆಯ್ಕೆಯನ್ನು ಅವಳಿಗೇ ಬಿಡಬೇಕು. ಮೂರನೆಯ ದಾರಿ ಕೇಳಲು ಉದಾರವಾಗಿದೆ. ಆದರೆ ವಿಚಾರಣೆ ಬೇಡ ಎಂದರೆ ತಮ್ಮ ಬಳಿ ಇರುವಷ್ಟೇ ಸಂಗತಿಯ ಮೇಲೆ ಅವರು ತೀರ್ಮಾನಿಸಬಹುದು ಎನ್ನುವುದು ನೆನಪಿರಲಿ.

ಸ್ಟೀವರ್ಡ್ ಬಂದರೆ ಗೋಡೆಯ ಹಾಗೆ ಸುಮ್ಮನೆ ಕೂರಬೇಕಾಗಿಲ್ಲ. ವಿಚಾರಣೆಗೆ ಮುನ್ನ ಅವಳ ಜೊತೆ ಪ್ರತ್ಯೇಕವಾಗಿ ಮಾತಾಡಬಹುದು, ವಿಷಯವೇನೆಂದು ಮೇಲಿನವರನ್ನು ಕೇಳಬಹುದು, ಗೊಂದಲದ ಪ್ರಶ್ನೆಯನ್ನು ಬಿಡಿಸಿ ಹೇಳಿ ಎನ್ನಬಹುದು, ಬೆದರಿಸುವ ದನಿಗೆ ಆಕ್ಷೇಪಿಸಬಹುದು, ಕೊನೆಯಲ್ಲಿ ಅವಳಿಗೆ ಅನುಕೂಲವಾದ ಸಂಗತಿಗಳನ್ನು ಸೇರಿಸಬಹುದು. ಅವಳ ಬದಲು ತಾನೇ ಉತ್ತರಿಸುವಂತಿಲ್ಲ, ವಿಚಾರಣೆ ನಡೆಯದಂತೆ ಮಾಡುವಂತಿಲ್ಲ.

ಇನ್ನು 'ಉತ್ತರ ಕೊಡಬೇಡಿ' ಎಂಬ ಮಾತು. ಇದನ್ನು ಅಕ್ಷರಶಃ ಹಿಡಿದುಕೊಂಡು ತೊಂದರೆಗೆ ಸಿಕ್ಕಿದವರಿದ್ದಾರೆ. ಅಂಚೆ ಸಂಸ್ಥೆಯ ನೌಕರರ ಕೈಪಿಡಿಯ ಪ್ರಕಾರ ಸಂಸ್ಥೆಯ ತನಿಖೆಗೆ ಸಹಕರಿಸುವುದು ನೌಕರನ ಕರ್ತವ್ಯ. ಸ್ಟೀವರ್ಡ್ ಬಂದು ಕೂತ ಮೇಲೆ ಸಾಮಾನ್ಯ ಇಲಾಖಾ ವಿಚಾರಣೆಯಲ್ಲಿ ಉತ್ತರ ಕೊಡಲೇಬೇಕು, ಕೊಟ್ಟ ಉತ್ತರ ನಿಜವಾಗಿರಬೇಕು. ಮೂಲ ಆರೋಪ ಸಣ್ಣದಾಗಿದ್ದು, ಅದನ್ನು ಮರೆಮಾಚಲು ಹೇಳಿದ ಸುಳ್ಳೇ ದೊಡ್ಡ ಆರೋಪವಾಗಿ ಕೆಲಸ ಕಳೆದುಕೊಳ್ಳುವುದು ಸಾಧ್ಯ. ಹಾಗೆಯೇ ಕೋಣೆಗೆ ಬಾ ಎಂದರೆ ಬರುವುದಿಲ್ಲ ಎನ್ನಬಾರದು, ಎದ್ದು ಹೊರಗೆ ನಡೆಯಲೂಬಾರದು. ಸ್ಟೀವರ್ಡನನ್ನು ಕರೆಸದಿದ್ದರೆ ಕೂತಲ್ಲಿಯೇ ಇನ್ನೊಮ್ಮೆ ಕೇಳಬೇಕು, ಕೇಳಿದ ಹೊತ್ತು ಮತ್ತು ಬಂದ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ಅಲ್ಲಿನ ಅಂಚೆಯವರಲ್ಲಿ 'ಮೊದಲು ಪಾಲಿಸು, ಆಮೇಲೆ ದೂರು ಕೊಡು' ಎಂಬ ರೂಢಿಯ ಮಾತಿದೆ. ಜೀವಕ್ಕೆ ಅಪಾಯವಾಗುವ ಆದೇಶವೊಂದನ್ನು ಬಿಟ್ಟರೆ ಅದು ಒಳ್ಳೆಯ ಮಾತು. ದೂರು ಕೊಡಲು ಸಾಮಾನ್ಯವಾಗಿ 14 ದಿನಗಳ ಗಡುವು ಇರುತ್ತದೆ, ಅದು ತಪ್ಪಿದರೆ ಎಂಥ ನ್ಯಾಯವಾದ ದೂರೂ ನಿಲ್ಲುವುದು ಕಷ್ಟ.

ವಿಚಾರಣೆಗೆ ಕರೆಯುವವರು ಸೂಪರ್‌ವೈಸರ್ ಅಲ್ಲದೆ ಪೋಸ್ಟಲ್ ಇನ್ಸ್‌ಪೆಕ್ಟರ್ ಅಥವಾ ಇನ್ಸ್‌ಪೆಕ್ಟರ್ ಜನರಲ್ ಕಚೇರಿಯ ಏಜೆಂಟರಾಗಿದ್ದರೆ ಸಂಗತಿಯೇ ಬೇರೆ. ಇವರು ನಮ್ಮ ಐಪಿಗಳಂತೆ ಆಡಳಿತದ ಅಧಿಕಾರಿಗಳಲ್ಲ. ಕಾನೂನು ಜಾರಿ ಮಾಡುವವರು, ಬಂಧಿಸುವ ಅಧಿಕಾರ ಉಳ್ಳವರು. ಟಪಾಲು ಕಳವು, ಹಣ ದುರುಪಯೋಗ, ಸುಳ್ಳು ಅನಾರೋಗ್ಯದ ಪರಿಹಾರ, ಇಂಥವು ಅವರ ಮುಂದೆ ಬರುತ್ತವೆ. ಇಲ್ಲಿಯೂ ಸ್ಟೀವರ್ಡನನ್ನು ಕೇಳುವ ಹಕ್ಕಿದೆ, ಇನ್ಸ್‌ಪೆಕ್ಟರುಗಳ ವಿಚಾರಣೆಯ ವಿಷಯದಲ್ಲಿ ಅದು ಸಂಘದ ಒಪ್ಪಂದದಲ್ಲಿಯೇ ಬರೆದಿದೆ. ಆದರೆ ಸ್ಟೀವರ್ಡ್ ವಕೀಲನಲ್ಲ. ವಕೀಲನಿಗೆ ಹೇಳಿದ ಮಾತಿಗಿರುವ ರಕ್ಷಣೆ ಸ್ಟೀವರ್ಡನಿಗೆ ಹೇಳಿದ್ದಕ್ಕೆ ಕ್ರಿಮಿನಲ್ ನ್ಯಾಯಾಲಯದಲ್ಲಿ ಸಿಗುತ್ತದೆ ಎಂದು ನಂಬುವಂತಿಲ್ಲ. ಆದ್ದರಿಂದ ವಿಷಯ ಕ್ರಿಮಿನಲ್ ಎಂದು ಕಂಡ ಕೂಡಲೇ ಸುಮ್ಮನಿದ್ದು ವಕೀಲರನ್ನು ಕೇಳಬೇಕು.

ಏಜೆಂಟರು ಮುಂದಿಡುವ ಎಚ್ಚರಿಕೆಯ ಕಾಗದಗಳೂ ಒಂದೇ ಬಗೆಯವಲ್ಲ. ಒಂದರಲ್ಲಿ 'ನೀನು ಉತ್ತರಿಸಬೇಕಾಗಿಲ್ಲ, ಉತ್ತರಿಸಿದರೆ ನಿನ್ನ ವಿರುದ್ಧ ಬಳಸಬಹುದು' ಎಂದಿರುತ್ತದೆ. ಇನ್ನೊಂದರಲ್ಲಿ, ಕಾಲ್ಕೈನ್ಸ್ ಎಂಬ 1973ರ ಪ್ರಕರಣದಿಂದ ಬಂದದ್ದು, 'ನಿನ್ನ ಉತ್ತರವನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ನಿನ್ನ ವಿರುದ್ಧ ಬಳಸುವುದಿಲ್ಲ, ಆದ್ದರಿಂದ ಉತ್ತರಿಸಲೇಬೇಕು, ಇಲ್ಲವಾದರೆ ಕೆಲಸದಿಂದ ತೆಗೆಯಬಹುದು' ಎಂದಿರುತ್ತದೆ. ಮೊದಲನೆಯ ಕಾಗದದ ಮುಂದೆ ಮೌನ ರಕ್ಷಣೆ, ಎರಡನೆಯದರ ಮುಂದೆ ಮೌನವೇ ಅಪರಾಧ. ಎರಡೂ ಕಾಗದಗಳು ಮೇಜಿನ ಮೇಲೆ ನೋಡಲು ಒಂದೇ ತರಹ ಇರುತ್ತವೆ. ಎದೆ ಹೊಡೆದುಕೊಳ್ಳುತ್ತಿರುವಾಗ ಈ ವ್ಯತ್ಯಾಸವನ್ನು ಯಾರು ತಾನೇ ಓದಿಯಾರು? ಜೊತೆಗೊಬ್ಬರು ಬೇಕು ಎನ್ನುವುದು ಇದಕ್ಕೇ.

ಈಗ ನಮ್ಮ ಕಡೆಗೆ ಬರೋಣ. ಐಪಿ ಕರೆದರೆ ಹೋಗಿ ಸ್ಟೇಟ್‌ಮೆಂಟ್ ಬರೆದುಕೊಟ್ಟು ಬರುತ್ತಿದ್ದೆವು ಎಂದು ಬರೆದಿದ್ದೀರಿ. ಆ ಪದ್ಧತಿ ಈಗಲೂ ಹಾಗೆಯೇ ಇದೆ. ಹಳ್ಳಿಯ ಬ್ರಾಂಚ್ ಆಫೀಸಿನ ಆರ್‌ಡಿ ಖಾತೆಗಳಲ್ಲಿ ವ್ಯತ್ಯಾಸ ಸಿಕ್ಕರೆ, ಪಾಸ್‌ಪುಸ್ತಕದಲ್ಲಿ ಜಮಾ ಇದ್ದು ಲೆಕ್ಕದಲ್ಲಿ ಇಲ್ಲವಾದರೆ, ಇನ್ಸ್‌ಪೆಕ್ಟರ್ ಬಂದು ಮೊದಲು ಮಾಡುವ ಕೆಲಸ ಬ್ರಾಂಚ್ ಪೋಸ್ಟ್‌ಮಾಸ್ಟರ್ (ಬಿಪಿಎಂ) ಕೈಯಿಂದ ಹೇಳಿಕೆ ಬರೆಸಿಕೊಳ್ಳುವುದು. ಆ ಹಂತದಲ್ಲಿ ಜೊತೆಗೆ ಯಾರನ್ನೂ ಕೂರಿಸಿಕೊಳ್ಳುವ ಹಕ್ಕು ನಮ್ಮ ನಿಯಮಗಳಲ್ಲಿ ಇಲ್ಲ. ಅದು ಪ್ರಾಥಮಿಕ ವಿಚಾರಣೆ, ಆರೋಪ ಹೊರಿಸಬೇಕೇ ಬೇಡವೇ ಎಂದು ಇಲಾಖೆ ತನಗಾಗಿ ತಿಳಿದುಕೊಳ್ಳುವ ಕ್ರಮ, ಆದ್ದರಿಂದ ನೌಕರನಿಗೆ ಪೂರ್ಣ ಅವಕಾಶ ಕೊಡಬೇಕಾಗಿಲ್ಲ ಎನ್ನುವುದು ನಮ್ಮ ಸುಪ್ರೀಂ ಕೋರ್ಟು 1964ರಿಂದ ಹೇಳಿಕೊಂಡು ಬಂದ ಮಾತು. ಅದೇ ಕಾರಣಕ್ಕೆ ಆ ಹಂತದ ಸಾಕ್ಷ್ಯವನ್ನು ಮುಂದಿನ ವಿಚಾರಣೆಯಲ್ಲಿ ನೇರವಾಗಿ ನೌಕರನ ವಿರುದ್ಧ ಬಳಸಬಾರದು, ಅಲ್ಲಿ ಅವನಿಗೆ ಪಾಟೀ ಸವಾಲಿನ ಅವಕಾಶವೇ ಇರಲಿಲ್ಲವಲ್ಲ ಎಂದೂ 2013ರ ತೀರ್ಪೊಂದರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ. ಕಾಗದದ ಮೇಲೆ ಇದು ಸಮತೋಲ. ನಡವಳಿಕೆಯಲ್ಲಿ ಹಾಗಿಲ್ಲ. ತನ್ನ ಕೈಯಿಂದಲೇ ಬರೆದ ತಪ್ಪೊಪ್ಪಿಗೆ ಫೈಲಿನಲ್ಲಿ ಕೂತ ಮೇಲೆ, ಮುಂದಿನ ಪ್ರತಿಯೊಬ್ಬ ಅಧಿಕಾರಿಯೂ ಅದನ್ನು ಓದಿಯೇ ಕಡತ ಮುಚ್ಚುತ್ತಾರೆ.

ಇದರ ಜೊತೆಗೆ ಹಣ ಕಟ್ಟಿಸುವ ಪದ್ಧತಿ. 'ವ್ಯತ್ಯಾಸದ ಮೊತ್ತವನ್ನು ಇವತ್ತೇ ಇಲಾಖೆಯ ಯುಸಿಆರ್ ಲೆಕ್ಕಕ್ಕೆ ಜಮಾ ಮಾಡಿಬಿಡು, ವಿಷಯ ಇಲ್ಲಿಗೇ ಮುಗಿಯುತ್ತದೆ' ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಮನೆಯ ಒಡವೆ ಅಡವಿಟ್ಟು ಕಟ್ಟುತ್ತಾರೆ. ವಿಷಯ ಮುಗಿಯುವುದಿಲ್ಲ. ಕಟ್ಟಿದ ರಸೀದಿಯೇ ತಪ್ಪೊಪ್ಪಿಗೆಯ ಎರಡನೆಯ ದಾಖಲೆಯಾಗುತ್ತದೆ. ನಿಜವಾಗಿ ಬಳಸಿಕೊಂಡವರು ಕಟ್ಟಲೇಬೇಕು, ಅದು ಖಾತೆದಾರರ ಹಣ, ಹಳ್ಳಿಯ ಬಡವರು ದುಡಿದು ಇಟ್ಟದ್ದು. ನನ್ನ ಮಾತು ಲೆಕ್ಕ ತಪ್ಪಿದವರ ಬಗ್ಗೆ, ಇನ್ನೊಬ್ಬರ ಮೋಸದಲ್ಲಿ ಸಿಕ್ಕಿಬಿದ್ದವರ ಬಗ್ಗೆ. ಅಂಥವರು ಕಟ್ಟಬೇಕಾಗಿ ಬಂದರೂ 'ಆರೋಪ ಒಪ್ಪದೆ, ಖಾತೆದಾರರ ಹಿತಕ್ಕಾಗಿ ಕಟ್ಟುತ್ತಿದ್ದೇನೆ' ಎಂದು ಬರೆದು ಪ್ರತಿ ಇಟ್ಟುಕೊಳ್ಳಬೇಕು. ಹೇಳಿಕೆಯನ್ನು ತನಗೆ ಚೆನ್ನಾಗಿ ಬರುವ ಭಾಷೆಯಲ್ಲಿ, ಕನ್ನಡದವರು ಕನ್ನಡದಲ್ಲಿಯೇ ಬರೆಯಬೇಕು. ಗೊತ್ತಿದ್ದುದಕ್ಕೆ ಗೊತ್ತಿದೆ ಎಂದು, ನೆನಪಿಲ್ಲದ್ದಕ್ಕೆ ದಾಖಲೆ ತೋರಿಸಿದರೆ ಹೇಳುತ್ತೇನೆ ಎಂದು ಬರೆಯಬೇಕು. ಯಾರೋ ಹೇಳಿದ್ದನ್ನು ಬರೆದುಕೊಟ್ಟದ್ದಾದರೆ ತಿಂಗಳುಗಟ್ಟಲೆ ಕಾಯದೆ, ಒಂದೆರಡು ದಿನದಲ್ಲೇ ಮೇಲಧಿಕಾರಿಗೆ ಸ್ವೀಕೃತಿ ಸಿಗುವ ಹಾಗೆ ಪತ್ರ ಬರೆದು ಅದನ್ನು ತಿಳಿಸಬೇಕು.

ನಮ್ಮಲ್ಲಿ ಜೊತೆಗಾರ ಬರುವುದು ಚಾರ್ಜ್‌ಶೀಟ್ ಆದ ಮೇಲೆ. ಕೇಂದ್ರ ನಾಗರಿಕ ಸೇವೆಗಳ 1965ರ ನಿಯಮಗಳಲ್ಲಿ 14ನೆಯದು ದೊಡ್ಡ ಶಿಕ್ಷೆಗಳ ವಿಚಾರಣೆಗೆ ಸಂಬಂಧಿಸಿದ್ದು. ಅದರಲ್ಲಿ ಸಹೋದ್ಯೋಗಿಯನ್ನು ಡಿಫೆನ್ಸ್ ಅಸಿಸ್ಟೆಂಟ್ ಆಗಿ ಇಟ್ಟುಕೊಳ್ಳಬಹುದು. ಸಾಕ್ಷಿಗಳನ್ನು ಪಾಟೀ ಸವಾಲು ಮಾಡಬಹುದು, ದಾಖಲೆ ಕೇಳಬಹುದು. ವಿಚಾರಣಾ ವರದಿಯ ಪ್ರತಿ ಕೊಡಲೇಬೇಕು ಎಂದು 1990ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಶಿಕ್ಷೆಯ ಆದೇಶದ ಮೇಲೆ 45 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಗ್ರಾಮೀಣ ಡಾಕ್ ಸೇವಕರಿಗೆ ಈ ನಿಯಮಗಳ ಬದಲು 2020ರ ಬೇರೆ ನಿಯಮಗಳಿವೆ. ಆದರೆ ಅವರ ಹಿಂದಿನ ರೂಪವಾದ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ನೌಕರರು ಸಂವಿಧಾನದ ಅರ್ಥದಲ್ಲಿ ಸಿವಿಲ್ ಹುದ್ದೆಯವರೇ, ವಿಚಾರಣೆ ಇಲ್ಲದೆ ತೆಗೆಯುವಂತಿಲ್ಲ ಎಂದು 1977ರಲ್ಲೇ ತೀರ್ಪಾಗಿದೆ. ಹಾಗಿದ್ದೂ ಇಲಾಖಾ ನೌಕರರಿಗೆ ಅಮಾನತಿನಲ್ಲಿ ಅರ್ಧ ಸಂಬಳದಷ್ಟು ಜೀವನಭತ್ಯೆ ಸಿಕ್ಕರೆ, ಹಾಗೆಯೇ ಕೆಲಸದಿಂದ ದೂರವಿಟ್ಟ ('ಪುಟ್ ಆಫ್' ಆದ) ಡಾಕ್ ಸೇವಕರಿಗೆ ಸಿಗುವುದು ಅದಕ್ಕಿಂತ ಕಡಿಮೆ. ಕಡಿಮೆ ದುಡಿಮೆಯವರಿಗೆ ಕಡಿಮೆ ಆಸರೆ ಎಂಬ ಈ ಲೆಕ್ಕ ನನಗೆ ಯಾವತ್ತೂ ನ್ಯಾಯವೆನಿಸಿಲ್ಲ.

ಹೆಚ್ಚಿನವರು ಎಡವುವುದು 16ನೇ ನಿಯಮದಲ್ಲಿ. ಅದು ಸಣ್ಣ ಶಿಕ್ಷೆಗಳದ್ದು, ಸಾಮಾನ್ಯವಾಗಿ ಬರವಣಿಗೆಯ ಉತ್ತರ ಬಿಟ್ಟರೆ ವಿಚಾರಣೆ ಇರುವುದಿಲ್ಲ, ಡಿಫೆನ್ಸ್ ಅಸಿಸ್ಟೆಂಟ್ ಪ್ರಶ್ನೆಯೂ ಏಳುವುದಿಲ್ಲ. ಆದರೆ ಸಂಬಳದಿಂದ ರಿಕವರಿ ಮಾಡುವುದೂ ಈ ಸಣ್ಣ ಶಿಕ್ಷೆಗಳಲ್ಲಿ ಒಂದು. ಎಲ್ಲೋ ಒಬ್ಬ ಬಿಪಿಎಂ ಮೋಸ ಮಾಡಿದರೆ, ಅದನ್ನು ಸಕಾಲದಲ್ಲಿ ಕಂಡುಹಿಡಿಯಲಿಲ್ಲ ಎಂದು ಅಕೌಂಟ್ ಆಫೀಸಿನ ಕ್ಲರ್ಕು, ಸಬ್ ಪೋಸ್ಟ್‌ಮಾಸ್ಟರ್, ಮೇಲ್ ಓವರ್‌ಸಿಯರ್ ಎಲ್ಲರ ಮೇಲೂ 16ರ ಚಾರ್ಜ್‌ಶೀಟ್ ಹೋಗಿ, ನಷ್ಟವನ್ನು ಹಂಚಿ ವಸೂಲಿ ಮಾಡುವುದು ನಿಮಗೆ ಹೊಸದೇನಲ್ಲ. ಅಂಥ ನೌಕರರು ಉತ್ತರದಲ್ಲಿಯೇ ಪೂರ್ಣ ವಿಚಾರಣೆ ನಡೆಸಿ ಎಂದು ಕೇಳಬಹುದು. ಕೇಳಿದರೆ ಶಿಸ್ತು ಅಧಿಕಾರಿ ಅದನ್ನು ಪರಿಶೀಲಿಸಬೇಕು, ಬೇಡವೆಂದರೆ ಕಾರಣ ಬರೆಯಬೇಕು. ತನ್ನ ಯಾವ ಲೋಪದಿಂದ ಎಷ್ಟು ನಷ್ಟವಾಯಿತು ಎಂಬ ಕೊಂಡಿಯನ್ನು ಇಲಾಖೆ ತೋರಿಸಲಿ ಎಂದು ಒತ್ತಾಯಿಸಬಹುದು. ಇಷ್ಟು ಬರೆಯದೆ, ಹೇಗಾದರೂ ಮುಗಿಯಲಿ ಎಂದು 'ಕ್ಷಮಿಸಿ, ಇನ್ನು ಮುಂದೆ ಎಚ್ಚರದಿಂದಿರುತ್ತೇನೆ' ಎಂದು ಬರೆದುಕೊಟ್ಟವರ ಸಂಬಳ ವರ್ಷಗಟ್ಟಲೆ ಕಡಿತವಾಗಿದೆ.

ಕೈಚೀಟಿಯ ಎರಡನೆಯ ಸಲಹೆಯೂ ಇದೇ ಎಳೆಯದು: ಕೇಳುವವರ ಅವಸರಕ್ಕೆ ಸಹಿ ಹಾಕಬೇಡ. ಅಮೆರಿಕದಲ್ಲಿ ಫಸ್ಟ್ ಕ್ಲಾಸ್ ಟಪಾಲು 2001ರಲ್ಲಿ ಸುಮಾರು 10,370 ಕೋಟಿ ಇದ್ದದ್ದು 2023ರ ಹೊತ್ತಿಗೆ 4,600 ಕೋಟಿಗೆ ಇಳಿದಿದೆ, ಪಾರ್ಸೆಲ್ ಹೆಚ್ಚಿದೆ. 2021ರ ಮಾರ್ಚ್‌ನಲ್ಲಿ ಆಗಿನ ಪೋಸ್ಟ್‌ಮಾಸ್ಟರ್ ಜನರಲ್ ಲೂಯಿ ಡಿಜಾಯ್ ಹತ್ತು ವರ್ಷಗಳ ಯೋಜನೆಯೊಂದನ್ನು ಪ್ರಕಟಿಸಿದರು. ಅದರಂತೆ ಹಳೆಯ ವಿಂಗಡಣೆ ಕೇಂದ್ರಗಳ ಕೆಲಸವನ್ನು ದೊಡ್ಡ ಪ್ರಾದೇಶಿಕ ಕೇಂದ್ರಗಳಿಗೆ ಒಯ್ಯತೊಡಗಿದರು. ಕೆಲಸ ಖಾಲಿಯಾದ ಕಡೆ ಜನ ಹೆಚ್ಚು ಎನಿಸುತ್ತಾರೆ. ಹೀಗೆ ಹೆಚ್ಚಾದವರನ್ನು ಬೇರೆಡೆಗೆ ಕಳಿಸುವುದನ್ನು ಅಲ್ಲಿನವರು 'ಎಕ್ಸೆಸಿಂಗ್' ಎನ್ನುತ್ತಾರೆ. ಕ್ಲರ್ಕುಗಳ ಸಂಘವಾದ ಅಮೆರಿಕನ್ ಪೋಸ್ಟಲ್ ವರ್ಕರ್ಸ್ ಯೂನಿಯನ್ ಮಾಡಿಕೊಂಡ ಒಪ್ಪಂದದ 12ನೇ ಕಲಮಿನಲ್ಲಿ ಇದರ ನಿಯಮಗಳಿವೆ.

ಅದರ ತಿರುಳು ಹೀಗಿದೆ. ಕಾಯಂ ನೌಕರರನ್ನು ಅಲುಗಾಡಿಸುವ ಮೊದಲು ತಾತ್ಕಾಲಿಕ ನೌಕರರ ಕೆಲಸದ ಗಂಟೆಗಳನ್ನು ಇಳಿಸಬೇಕು. ಕಳಿಸಲೇಬೇಕಾದರೆ ಸೇವೆಯಲ್ಲಿ ಕಿರಿಯರಾದವರಿಂದ ಶುರುಮಾಡಬೇಕು, ಹಿರಿಯರು ತಾವಾಗಿ ಹೋಗುತ್ತೇವೆ ಎಂದರೆ ಅದಕ್ಕೂ ದಾರಿಯಿದೆ. ಬೇರೆ ಕಚೇರಿಗೆ ಕಳಿಸುವಾಗ ಸಂಘಕ್ಕೆ ಮೊದಲೇ ತಿಳಿಸಬೇಕು, ನೌಕರನಿಗೆ ಸಾಧ್ಯವಾದಷ್ಟೂ 60 ದಿನಗಳ ಮುನ್ಸೂಚನೆ ಕೊಡಬೇಕು. ಹೋದವನು ತನ್ನ ಸೇವಾ ಹಿರಿತನವನ್ನು ಜೊತೆಗೆ ಒಯ್ಯುತ್ತಾನೆ. ಹಳೆಯ ಕಚೇರಿಯಲ್ಲಿ ಜಾಗ ಖಾಲಿಯಾದಾಗ ಮರಳುವ ಹಕ್ಕೂ ಅವನದೇ, ಅದನ್ನು ರಿಟ್ರೀಟ್ ಹಕ್ಕು ಎನ್ನುತ್ತಾರೆ. ಆದರೆ ಮೊದಲ ಅವಕಾಶ ಬಂದಾಗ ಬೇಡ ಎಂದರೆ ಆ ಹಕ್ಕು ಹೋಗುತ್ತದೆ. ಆರು ವರ್ಷ ಸೇವೆ ಪೂರೈಸಿದವರನ್ನು ಕೆಲಸವಿಲ್ಲವೆಂದು ಮನೆಗೆ ಕಳಿಸುವಂತಿಲ್ಲ ಎಂಬ ರಕ್ಷಣೆ 6ನೇ ಕಲಮಿನಲ್ಲಿದೆ.

ಹಿರಿತನ ಒಯ್ಯುವ, ಮರಳಿ ಬರುವ ಈ ರಕ್ಷಣೆ ಇರುವುದು ಸಂಸ್ಥೆ ಕಳಿಸಿದಾಗ ಮಾತ್ರ. 'ಪ್ಲಾಂಟ್ ಮುಚ್ಚುತ್ತಾರಂತೆ, ನಮ್ಮನ್ನು ಎಲ್ಲಿಗೋ ಎಸೆಯುತ್ತಾರಂತೆ' ಎಂಬ ಗಾಳಿಮಾತು ಕೇಳಿ ಹೆದರಿದವಳು, ಮನೆಗೆ ಹತ್ತಿರದ ಇನ್ನೊಂದು ಕಚೇರಿಗೆ ತಾನೇ ವರ್ಗ ಕೇಳಿ ಅರ್ಜಿ ಹಾಕಿದರೆ ಅದು ಸ್ವಂತ ಕೋರಿಕೆಯಾಗುತ್ತದೆ. ಹೊಸ ಕಚೇರಿಯಲ್ಲಿ ಹಿರಿತನ ಮೊದಲಿನಿಂದ ಶುರು. ರಾತ್ರಿ ಪಾಳಿ, ವಾರದ ರಜೆ ಯಾವ ದಿನ, ಯಾವ ಕೆಲಸ ಎಂಬುದೆಲ್ಲ ಅಲ್ಲಿ ಹಿರಿತನದ ಮೇಲೆ ಬಿಡ್ ಮಾಡಿ ಪಡೆಯುವಂಥದ್ದು. ಹಳೆಯ ಕಚೇರಿಗೆ ಮರಳುವ ಹಕ್ಕೂ ಇರುವುದಿಲ್ಲ. ಹೋಗುವ ದೂರ ಒಂದೇ, ಸೇರುವ ಕಟ್ಟಡವೂ ಒಂದೇ ಇರಬಹುದು, ಆದರೆ ಅರ್ಜಿಯ ಮೇಲಿನ ಸಹಿ ಹತ್ತು ವರ್ಷದ ಹಿರಿತನವನ್ನು ಅಳಿಸಿಬಿಡುತ್ತದೆ. ಇದು ನಿಮಗೆ ಚೆನ್ನಾಗಿ ಅರ್ಥವಾಗಬೇಕು, ಏಕೆಂದರೆ ನಮ್ಮ ಅಂಚೆ ಇಲಾಖೆಯ 38ನೇ ನಿಯಮದ ವರ್ಗಾವಣೆಯೂ ಹೀಗೆಯೇ. ಸ್ವಂತ ಕೋರಿಕೆಯ ಮೇಲೆ ಇನ್ನೊಂದು ವಿಭಾಗಕ್ಕೆ ಹೋದವರು ಅಲ್ಲಿನ ಹಿರಿತನ ಪಟ್ಟಿಯ ತಳಕ್ಕೆ ಬೀಳುತ್ತಾರೆ. ಊರಿನ ಹತ್ತಿರ ಬರಬೇಕೆಂದು ತಿಳಿದೇ ಆ ಬೆಲೆ ಕೊಡುವವರಿದ್ದಾರೆ, ಅದು ಅವರವರ ಬದುಕಿನ ಲೆಕ್ಕ. ಗಾಳಿಮಾತಿಗೆ ಹೆದರಿ ಕೊಡುವುದು ಬೇರೆ. ನಮ್ಮಲ್ಲಿಯೂ ಬದಲಾವಣೆ ನಿಂತಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ವಿಂಗಡಣೆಯ ಕೆಲಸ ಎಲ್ಲಿ ಸೇರುತ್ತದೆ, ಯಾರ ಹುದ್ದೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಇಲ್ಲಿನವರನ್ನೂ ಕಾಡುತ್ತಿದೆ. ಆದೇಶ ಬರಹದಲ್ಲಿ ಬರಲಿ, ಅದರಲ್ಲಿ 'ಆಡಳಿತದ ಹಿತದೃಷ್ಟಿಯಿಂದ' ಎಂದಿದೆಯೋ 'ಕೋರಿಕೆಯ ಮೇರೆಗೆ' ಎಂದಿದೆಯೋ ನೋಡಿಕೊಳ್ಳಿ ಎಂದು ಅವರಿಗೂ ಹೇಳುತ್ತೇನೆ.

ಸ್ವಯಂ ನಿವೃತ್ತಿಯ ಆಮಿಷ ಬಂದಾಗಲೂ ಎಚ್ಚರ ಬೇಕು. 2025ರ ಆರಂಭದಲ್ಲಿ ಅಮೆರಿಕದ ಅಂಚೆ ಸಂಸ್ಥೆ ಅರ್ಹ ಕ್ಲರ್ಕುಗಳಿಗೆ ಬೇಗ ನಿವೃತ್ತರಾದರೆ 15,000 ಡಾಲರ್ ಕೊಡುವುದಾಗಿ ಹೇಳಿತು. ಕೆಲವರಿಗೆ ಅದು ನಿಜಕ್ಕೂ ಅನುಕೂಲ. ಆದರೆ ತೆರಿಗೆ ಕಳೆದು ಕೈಗೆ ಬರುವುದೆಷ್ಟು, ಪಿಂಚಣಿ ಎಷ್ಟು ಇಳಿಯುತ್ತದೆ, ಆರೋಗ್ಯ ವಿಮೆ ಮುಂದುವರಿಯುತ್ತದೆಯೇ ಎಂದು ಬರಹದಲ್ಲಿ ಲೆಕ್ಕ ಪಡೆಯದೆ ಯಾರೂ ಒಪ್ಪಬಾರದು. ನಿಮ್ಮ ಸೊಸೆಗೆ ಆ ವಯಸ್ಸಾಗಿರಲಿಕ್ಕಿಲ್ಲ, ಅವಳ ಸಹೋದ್ಯೋಗಿಗಳಿಗೆ ಈ ಮಾತು ಬೇಕಾದೀತು.

ನೀವು ನೇರವಾಗಿ ಕೇಳದಿದ್ದರೂ ನಿಮ್ಮ ಪತ್ರದಲ್ಲಿ ಒಂದು ಪ್ರಶ್ನೆ ಅಡಗಿದೆ: ನಮ್ಮಲ್ಲಿ ಸಂಘಗಳಿರಲಿಲ್ಲವೇ, ಅವು ಏಕೆ ಹೀಗೆ ಹೇಳಿಕೊಡಲಿಲ್ಲ ಎಂದು. ಹೇಳಿಕೊಟ್ಟವರಿದ್ದರು. ವಿಭಾಗ ಕಾರ್ಯದರ್ಶಿಗಳಾಗಿ ಸೈಕಲ್ಲಿನಲ್ಲಿ ಊರೂರು ಸುತ್ತಿ ಚಾರ್ಜ್‌ಶೀಟಿಗೆ ಉತ್ತರ ಬರೆದುಕೊಟ್ಟವರ ಋಣ ಅಂಚೆಯವರ ಮೇಲೆ ದೊಡ್ಡದಿದೆ. ಆದರೆ ಅವರು ಮೊದಲ ಹೇಳಿಕೆಯ ಹೊತ್ತಿಗೆ ಕೋಣೆಯೊಳಗೆ ಬರುವ ಹಕ್ಕು ಪಡೆಯಲಿಲ್ಲ. 2023ರ ಏಪ್ರಿಲ್‌ನಲ್ಲಿ ಅಂಚೆ ನೌಕರರ ದೊಡ್ಡ ಒಕ್ಕೂಟವಾದ ಎನ್‌ಎಫ್‌ಪಿಇಯ ಮಾನ್ಯತೆಯನ್ನೇ ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ರೈತ ಚಳವಳಿಗೂ ಇನ್ನೊಂದು ಕಾರ್ಮಿಕ ಸಂಘಟನೆಗೂ ಹಣ ಕೊಟ್ಟರು ಎನ್ನುವುದು ಕೊಟ್ಟ ಕಾರಣ. ಆ ಕ್ರಮದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆರೋಪಕ್ಕೆ ಸಿಕ್ಕ ಹಳ್ಳಿಯ ಡಾಕ್ ಸೇವಕ ಯಾರ ಬಾಗಿಲು ತಟ್ಟಬೇಕು ಎಂಬ ಚಿಂತೆ ಅದರಿಂದ ಹೆಚ್ಚಿತು.

ಇಲ್ಲಿ ಒಂದು ಸಂಗತಿಯನ್ನು ನಿಮ್ಮಂಥವರು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಡಿಫೆನ್ಸ್ ಅಸಿಸ್ಟೆಂಟ್ ಆಗಲು ಸಂಘದ ಮಾನ್ಯತೆ ಬೇಕಿಲ್ಲ. ನೌಕರ ಆರಿಸಿಕೊಂಡ ಇನ್ನೊಬ್ಬ ಸರ್ಕಾರಿ ನೌಕರ ಆಗಬಹುದು. ನಿವೃತ್ತ ನೌಕರರಿಗೂ ಅವಕಾಶವಿದೆ, ಏಕಕಾಲಕ್ಕೆ ಎಷ್ಟು ಪ್ರಕರಣ ಹಿಡಿಯಬಹುದು ಎಂಬಂಥ ಮಿತಿಗಳಿವೆ. ಎಸ್‌ಬಿ ಲೆಕ್ಕ, ಬ್ರಾಂಚ್ ಆಫೀಸಿನ ದಿನವಹಿ, ತಪಾಸಣೆಯ ಪ್ರಶ್ನಾವಳಿ ಇವೆಲ್ಲ ನಿಮಗೆ ಅಂಗೈ ಗೆರೆಯಷ್ಟು ಪರಿಚಿತ. ನಿಮ್ಮ ತಾಲ್ಲೂಕಿನಲ್ಲಿ ಯಾರ ಮೇಲಾದರೂ ಚಾರ್ಜ್‌ಶೀಟ್ ಇದ್ದು ನೆರವಿಲ್ಲದೆ ಕೂತಿದ್ದರೆ ವಿಭಾಗದ ಸಂಘದವರಿಗೆ ತಿಳಿದೇ ಇರುತ್ತದೆ. ಅವರನ್ನು ವಿಚಾರಿಸಿ. ಸೊಸೆಗೆ ಫೋನ್ ಮಾಡಿದಾಗ, ಕೈಚೀಟಿಯ ಹಿಂಬದಿಯಲ್ಲಿ ತನ್ನ ಸ್ಟೀವರ್ಡನ ಹೆಸರು ಮತ್ತು ನಂಬರನ್ನು ಬರೆದಿಟ್ಟುಕೊಂಡಿದ್ದಾಳೆಯೇ ಎಂದು ಕೇಳಿ. ರಾತ್ರಿ ಪಾಳಿಯಲ್ಲಿ ಯಾರು ಸ್ಟೀವರ್ಡ್ ಎನ್ನುವುದನ್ನೂ ಅವಳು ಈಗಲೇ ತಿಳಿದುಕೊಂಡಿರಲಿ.